ಸಬರ್ ಎಂಬುದು ಯಾರ ಪಾಲಿಗೆ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮ ನಾಡಿನಲ್ಲಿ ಇರಲಾರರು. ಗಾದೆ ವೇದಕ್ಕೆ ಸಮ ಎಂದು ಇನ್ನೊಂದು ಗಾದೆಯೂ ಇರುವುದರಿಂದ ಅದನ್ನು ಪ್ರಶ್ನಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಮೇಡ್ಲೇರಿಯ ನಮ್ಮ ಮನೆಯ ಹಿಂಗೋಡೆ ಆ ಗಾದೆಯನ್ನು ನಮ್ಮ ಚಿಕ್ಕಂದಿನಲ್ಲೇ ಸುಳ್ಳು ಮಾಡಿತ್ತು. ಗೋಡೆಯ ಆಚೆಗಿನ ಜಗಳ ಉಂಡು ಮಲಗಿದ ಮೇಲೆಯೇ ಶುರುವಾಗುತ್ತಿತ್ತು.

ಅದು ಎರಡು ಮನೆಗಳ ನಡುವಿನ ಮಣ್ಣಿನ ಗೋಡೆ. ಆಚೆ ಮನೆಯಲ್ಲಿ ಸೌದೆ ಒಡೆದರೂ ಈಚೆಗೆ ಕೇಳುತ್ತಿತ್ತು. ರಾತ್ರಿ ಆ ಸದ್ದು ಶುರುವಾದರೆ ಅಬ್ಬಾ ಲಾಟೀನಿನ ಬತ್ತಿ ಇಳಿಸುತ್ತಿದ್ದರು. ‘ಅದು ಅವರ ಮನೆಯ ಮಾತು, ನೀವು ಮಲಗಿರಿ’ ಎನ್ನುತ್ತಿದ್ದರು. ನಾವು ಮಕ್ಕಳು ಚಾದರವನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆವು. ಬೆಳಿಗ್ಗೆ ಆ ಮನೆಯ ಹೆಂಗಸು ಹಾಲಿಗೆ ಹೆಪ್ಪು ಕೇಳಿಕೊಂಡು ಬರುತ್ತಿದ್ದಳು. ಸೆರಗು ಮುಖದ ಒಂದು ಕಡೆಗೆ ಹೆಚ್ಚು ಇಳಿದಿರುತ್ತಿತ್ತು. ಅಮ್ಮಾ ಒಂದು ಬಟ್ಟಲಲ್ಲಿ ಹೆಪ್ಪು ಕೊಡುತ್ತಿದ್ದರು, ಇನ್ನೊಂದು ಕೈಯಲ್ಲಿ ಕಾಸಿದ ಎಣ್ಣೆ ಅರಿಸಿನ ಕೊಡುತ್ತಿದ್ದರು. ಇಬ್ಬರೂ ಆ ವಿಷಯದ ಮಾತೇ ಆಡುತ್ತಿರಲಿಲ್ಲ. ಹೋಗುವಾಗ ಮಾತ್ರ ಅಮ್ಮಾ ‘ತಾಳ್ಕೊಬೇಕವಾ, ಮಕ್ಳ ಮಾರಿ ನೋಡಿ ತಾಳ್ಕೊಬೇಕು’ ಎನ್ನುತ್ತಿದ್ದರು. ಇಡೀ ಓಣಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದನ್ನು ನಾವು ಕಲಿತದ್ದು ಅಲ್ಲಿಯೇ.

ಈಗ ಇದನ್ನು ನೆನೆಯಲು ಕಾರಣ ಕೆಲವು ಅಂಕಿಗಳು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹತ್ತು ದೇಶಗಳ ಅಧ್ಯಯನವೊಂದನ್ನು ಪ್ರಕಟಿಸಿತು. ಬಾಂಗ್ಲಾದೇಶ, ಜಪಾನ್, ಪೆರು, ಇಥಿಯೋಪಿಯಾ, ಥಾಯ್ಲೆಂಡ್ ಮೊದಲಾದ ಕಡೆಗಳಲ್ಲಿ ಸುಮಾರು 24,000 ಹೆಂಗಸರನ್ನು ಮಾತನಾಡಿಸಿದ ಅಧ್ಯಯನ ಅದು. ಗಂಡನಿಂದ ಅಥವಾ ಸಂಗಾತಿಯಿಂದ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದವರ ಪ್ರಮಾಣ ಜಪಾನಿನ ನಗರವೊಂದರಲ್ಲಿ ಶೇ. 15 ಇದ್ದರೆ, ಇಥಿಯೋಪಿಯಾದ ಹಳ್ಳಿಗಾಡಿನಲ್ಲಿ ಶೇ. 71 ಇತ್ತು. 2021ರಲ್ಲಿ ಅದೇ ಸಂಸ್ಥೆ ಇನ್ನಷ್ಟು ದೇಶಗಳ ಅಂದಾಜು ಕೊಟ್ಟಿತು. ಜಗತ್ತಿನಲ್ಲಿ 15ರಿಂದ 49 ವಯಸ್ಸಿನ, ಮದುವೆಯಾದ ಇಲ್ಲವೇ ಸಂಗಾತಿಯೊಡನೆ ಬಾಳಿದ ಹೆಂಗಸರಲ್ಲಿ ಶೇ. 27 ಮಂದಿ ಒಮ್ಮೆಯಾದರೂ ಇಂಥ ಹಿಂಸೆ ಕಂಡವರು. ನಮ್ಮ ದಕ್ಷಿಣ ಏಷ್ಯಾದಲ್ಲಿ ಅದು ಶೇ. 35. 2025ರ ವರದಿಯಂತೂ, ಕಳೆದ ಎರಡು ದಶಕಗಳಲ್ಲಿ ಇದು ಹೆಚ್ಚೇನೂ ಇಳಿದಿಲ್ಲ ಎನ್ನುತ್ತದೆ.

ಇಂಥ ಪಟ್ಟಿ ಕೈಗೆ ಸಿಕ್ಕಾಗ ನಾವು ಮೊದಲು ಮಾಡುವ ಕೆಲಸ ಪಕ್ಕದವರ ಅಂಕಿ ಹುಡುಕುವುದು. ನಮ್ಮ ಜನರಲ್ಲಿ ಕೆಲವರು ಪಶ್ಚಿಮದ ಕಡೆ ಬೆರಳು ತೋರಿಸುತ್ತಾರೆ. ಪಶ್ಚಿಮವನ್ನು ಮೆಚ್ಚುವವರು ನಮ್ಮ ಕಡೆ ಬೆರಳು ತೋರಿಸುತ್ತಾರೆ. ಮುಸ್ಲಿಮ್ ಹೆಂಗಸಿನ ಪಾಡನ್ನು ಕಂಡು ಮರುಗುವವರಿಗೆ ತಮ್ಮ ಓಣಿಯ ಹೆಂಗಸಿನ ಪಾಡು ಕಾಣುವುದಿಲ್ಲ. ಅವರನ್ನು ಟೀಕಿಸುವ ನಮಗೂ ನಮ್ಮ ಮನೆಯದು ಕಾಣುವುದಿಲ್ಲ. ಪಟ್ಟಿಯಾದರೋ ಯಾರಿಗೂ ಸರ್ಟಿಫಿಕೇಟು ಕೊಡುವುದಿಲ್ಲ. 2021ರ ಅಂದಾಜಿನಲ್ಲಿ ಬಾಂಗ್ಲಾದೇಶ ಶೇ. 50ರಲ್ಲಿದ್ದರೆ, ಬಹುಪಾಲು ಕ್ರೈಸ್ತರೇ ಇರುವ ಕಿರಿಬಾಟಿ ದ್ವೀಪಗಳು ಶೇ. 53ರಲ್ಲಿವೆ. ಯುರೋಪ್ ಒಕ್ಕೂಟದ ಸಂಸ್ಥೆಯೊಂದು 28 ದೇಶಗಳ 42,000 ಹೆಂಗಸರನ್ನು ಕೇಳಿ 2014ರಲ್ಲಿ ವರದಿ ಕೊಟ್ಟಿತು. ಹೆಣ್ಣು ಗಂಡು ಸಮಾನತೆಗೆ ಹೆಸರಾದ ಡೆನ್ಮಾರ್ಕಿನಲ್ಲಿ ಶೇ. 32, ಫಿನ್ಲೆಂಡಿನಲ್ಲಿ ಶೇ. 30, ಪೋಲೆಂಡಿನಲ್ಲಿ ಬರೀ ಶೇ. 13! ಡೆನ್ಮಾರ್ಕಿನ ಗಂಡಸು ಪೋಲೆಂಡಿನವನಿಗಿಂತ ಎರಡುಪಟ್ಟು ಕ್ರೂರಿಯೇ? ಅಥವಾ ಡೆನ್ಮಾರ್ಕಿನ ಹೆಂಗಸಿಗೆ ಅದನ್ನು ಹೇಳುವುದು ಹೆಚ್ಚು ಸುಲಭವೇ? ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ನಮಗೆ ಮಾತ್ರ ಹೆಪ್ಪು ಕೇಳಲು ಬಂದ ಆ ಹೆಂಗಸು ನೆನಪಾಗುತ್ತಾಳೆ. ಅಂದು ಯಾರಾದರೂ ಅವಳನ್ನು ಕೇಳಿದ್ದರೆ ಅವಳು ಯಾವ ಲೆಕ್ಕಕ್ಕೆ ಸೇರುತ್ತಿದ್ದಳು?

ನಮ್ಮ ರಾಜ್ಯದ ಅಂಕಿ ಇನ್ನೂ ಕಸಿವಿಸಿ ಹುಟ್ಟಿಸುವಂಥದು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ ಹೆಂಗಸರು ಕರ್ನಾಟಕದಲ್ಲಿ ಶೇ. 20.6 ಇದ್ದರು. ಮುಂದಿನ, ಅಂದರೆ ಐದನೆಯ ಸಮೀಕ್ಷೆಯಲ್ಲಿ ಅದು ಶೇ. 44.4ಕ್ಕೆ ಏರಿತು. ಇಡೀ ದೇಶದ ಸರಾಸರಿ ಶೇ. 31ರಿಂದ 29ಕ್ಕೆ ಇಳಿದ ಅವಧಿಯಲ್ಲಿ ನಮ್ಮ ರಾಜ್ಯ ಎಲ್ಲಕ್ಕಿಂತ ಮೇಲೆ ಹೋಗಿ ಕುಳಿತಿತು. ಕೊರೊನಾ ಕಾಲದಲ್ಲಿ ಗಂಡಸರು ಮನೆಯಲ್ಲೇ ಉಳಿದರಲ್ಲ, ಅದಕ್ಕೆ ಹೀಗಾಯಿತು ಎಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರಲ್ಲಿ, ಲಾಕ್‌ಡೌನಿಗೆ ಮೊದಲೇ. ಹಾಗಿದ್ದರೆ ನಾಲ್ಕು ವರ್ಷದಲ್ಲಿ ನಮ್ಮ ಗಂಡಸರು ಎರಡುಪಟ್ಟು ಕೆಟ್ಟರೇ? ಅಥವಾ ಹಿಂದಿನ ಸಲ ‘ಇಲ್ಲ’ ಎಂದವರು ಈ ಸಲ ‘ಹೌದು’ ಎಂದರೇ? ಅಂಕಿಯೊಂದೇ ಇದಕ್ಕೆ ಉತ್ತರ ಕೊಡಲಾರದು. ಎರಡನೆಯದು ನಿಜವಾದರೆ ಅದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಆದರೆ ಹಿಂದಿನ ಶೇ. 20.6ನ್ನು ನೋಡಿ ನಮ್ಮ ನಾಡು ವಾಸಿ ಎಂದುಕೊಂಡಿದ್ದು ನಮ್ಮ ಭ್ರಮೆಯಾಗಿತ್ತು ಎಂದೂ ಅದರ ಅರ್ಥ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆಯಿದೆ. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಹಾಸಿಗೆಗೆ ಒಲ್ಲೆನೆಂದರೆ, ಅಡಿಗೆ ಸರಿ ಮಾಡದಿದ್ದರೆ, ನಡತೆಯ ಮೇಲೆ ಸಂಶಯ ಬಂದರೆ, ಅತ್ತೆ ಮಾವಂದಿರಿಗೆ ಮರ್ಯಾದೆ ಕೊಡದಿದ್ದರೆ, ಈ ಏಳರಲ್ಲಿ ಯಾವುದಾದರೊಂದು ಕಾರಣಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ? ಕರ್ನಾಟಕದ ಗಂಡಸರಲ್ಲಿ ಶೇ. 81.9 ಮಂದಿ ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. ಹೆಂಗಸರಲ್ಲೂ ಶೇ. 76.9 ಮಂದಿ ಸರಿ ಎಂದರು. ಹಿಮಾಚಲ ಪ್ರದೇಶದಲ್ಲಿ ಗಂಡಸರೂ ಹೆಂಗಸರೂ ಶೇ. 15ನ್ನು ದಾಟಲಿಲ್ಲ. ಅಂದರೆ ಇದು ಲೋಕರೂಢಿ, ಎಲ್ಲ ಕಡೆ ಇರುವುದೇ ಎನ್ನುವ ಮಾತು ನಮ್ಮ ದೇಶದೊಳಗೇ ನಿಲ್ಲುವುದಿಲ್ಲ.

ಸರಿ ಎನ್ನುವ ಹೆಂಗಸಿಗೆ ಅದು ಹಿಂಸೆ ಎಂದು ತೋರುವುದಾದರೂ ಹೇಗೆ? ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಅವರು ಕರ್ನಾಟಕದ ಮೂರು ಹಳ್ಳಿಗಳ ಕುಂಬಾರ ಕುಟುಂಬಗಳಲ್ಲಿ ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಶೇ. 22 ಹೆಂಗಸರು ಗಂಡ ಹೊಡೆದಿದ್ದಾನೆ ಎಂದರು. ಕುಡಿತ, ಸಾಲದೆ ಬಂದ ವರದಕ್ಷಿಣೆ ಇವು ಹೊಡೆತವನ್ನು ಹೆಚ್ಚಿಸುತ್ತವೆ ಎಂಬುದೂ ಅಲ್ಲಿ ಕಂಡಿತು. ಅದಕ್ಕಿಂತ ಮುಖ್ಯವಾದದ್ದು, ಸರಿಯಾದ ಕಾರಣಕ್ಕೆ, ಮಿತಿಯಲ್ಲಿ ಬಿದ್ದ ಏಟನ್ನು ಗಂಡಸರಂತೆಯೇ ಹೆಂಗಸರೂ ಸಹಜವೆಂದು ಬಗೆದಿದ್ದರು. ಮಿತಿ ಮೀರಿದಾಗ ಮಾತ್ರ ಊರಿನವರು ಬಾಯಿ ಹಾಕುತ್ತಿದ್ದರು. ಮಿತಿ ಎಷ್ಟು ಎಂದು ಗೊತ್ತುಮಾಡಿದವರು ಯಾರು, ಏಟು ತಿಂದವಳನ್ನು ಒಮ್ಮೆಯಾದರೂ ಕೇಳಿದ್ದರೇ ಎಂಬುದು ನಮ್ಮ ಪ್ರಶ್ನೆ.

ಸಮೀಕ್ಷೆ ನಡೆಸುವವರು ಈ ತೊಡಕನ್ನು ಬಲ್ಲರು. ಅದಕ್ಕೇ ಅವರು ‘ನಿಮ್ಮ ಮೇಲೆ ಹಿಂಸೆ ನಡೆದಿದೆಯೇ’ ಎಂದು ಒಂದೇ ಮಾತಿನಲ್ಲಿ ಕೇಳುವುದಿಲ್ಲ. ತಳ್ಳಿದ್ದಾನೆಯೇ, ಕೆನ್ನೆಗೆ ಹೊಡೆದಿದ್ದಾನೆಯೇ, ತೋಳು ತಿರುಚಿದ್ದಾನೆಯೇ, ಒದ್ದಿದ್ದಾನೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಒಂದು ಮನೆಯಲ್ಲಿ ಒಬ್ಬಳನ್ನೇ, ಬೇರೆ ಯಾರೂ ಇಲ್ಲದಾಗ ಕೇಳುತ್ತಾರೆ. ಹೀಗೆ ಕೇಳುವುದರ ಅರ್ಥ ಏನೆಂಬುದು ನಮಗೆ ತಿಳಿದದ್ದು ನಮ್ಮ ಆಪಾಳ ಮುಂದೆ ಕುಳಿತಾಗ.

ಆಪಾ ನಮಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. 1996ರಲ್ಲಿ ಮದುವೆಯಾಯಿತು. ಮೂರು ವರ್ಷದ ಬಳಿಕ ಒಂದು ಸಂಜೆ, ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಮೇಡ್ಲೇರಿಗೆ ಬಂದಳು. ಹನ್ನೆರಡು ದಿನ ಇದ್ದಳು. ಅಬ್ಬಾ ಒಂದೂ ಮಾತಾಡಲಿಲ್ಲ. ಓಣಿಯ ಹಿರಿಯರು ಇಬ್ಬರು ಬಂದು ಚಹಾ ಕುಡಿದು, ಹೆಣ್ಣುಮಗಳಿಗೆ ಸಬರ್ ಇರಬೇಕು ಎಂದು ಹೇಳಿ ಹೋದರು. ಅಮ್ಮಾ ಅವಳ ತಲೆಗೆ ಎಣ್ಣೆ ಹಚ್ಚುತ್ತ ‘ಸಬರ್ ಕರ್ ಬೇಟಿ’ ಎಂದರು. ಗೋಡೆಯಾಚೆಯ ಹೆಂಗಸಿಗೆ ಕನ್ನಡದಲ್ಲಿ ಹೇಳುತ್ತಿದ್ದುದನ್ನೇ ಮಗಳಿಗೆ ಉರ್ದುವಿನಲ್ಲಿ ಹೇಳಿದರು. ಹದಿಮೂರನೆಯ ದಿನ ನಾವೇ ಅವಳನ್ನು ರಾಣೇಬೆನ್ನೂರಿಗೆ ಕರೆದೊಯ್ದು ಬಸ್ಸು ಹತ್ತಿಸಿದೆವು. ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟೆವು. ಅದನ್ನೇ ದೊಡ್ಡ ಉಪಕಾರವೆಂದು ತಿಳಿದು ಮನೆಗೆ ಬಂದೆವು.

ಇತ್ತೀಚೆಗೆ ಒಂದು ದಿನ ಅವಳನ್ನು ಕೇಳಿದೆವು. ‘ಭಾಯಿಜಾನ್ ನಿನಗೆ ಹೊಡೆಯುತ್ತಿದ್ದರಾ?’

‘ಇಲ್ಲಪಾ, ಹಂಗೇನಿಲ್ಲ.’

‘ಕೈ ಮಾಡ್ತಿದ್ದರಾ?’

‘ಹ್ಞೂಂ, ಅದು ಎಲ್ಲಾರ ಮನ್ಯಾಗ ಇರೋದ.’

‘ಕೆನ್ನೆಗಾ?’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಡಗಿವಿಯನ್ನು ಮುಟ್ಟಿಕೊಂಡಳು. ಆ ಕಿವಿ ಅವಳಿಗೆ ಮಂದ ಎಂದು ನಮಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಏಕೆ ಮಂದ ಎಂದು ನಾವು ಕೇಳಿರಲಿಲ್ಲ.

ಮೊದಲ ಪ್ರಶ್ನೆಯಲ್ಲೇ ನಿಲ್ಲಿಸಿದ್ದರೆ ಅವಳು ಹಿಂಸೆಯಿಲ್ಲದ ಸಂಸಾರಗಳ ಲೆಕ್ಕಕ್ಕೆ ಸೇರಿ ಹೋಗುತ್ತಿದ್ದಳು. ಐದನೆಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಕಂಡ ಹೆಂಗಸರಲ್ಲಿ ಶೇ. 77 ಮಂದಿ ನೆರವು ಕೇಳಿದವರೂ ಅಲ್ಲ, ಯಾರಿಗೂ ಹೇಳಿದವರೂ ಅಲ್ಲ. ನೆರವು ಕೇಳಿದ ಶೇ. 14 ಮಂದಿಯಲ್ಲಿ ಹೆಚ್ಚಿನವರು ಹೋದದ್ದು ತವರಿಗೆ. ನಮ್ಮ ಆಪಾ ಈ ಶೇ. 14ರಲ್ಲಿ ಒಬ್ಬಳು. ಅವಳು ಬಂದ ತವರು ನಾವೇ.

ಇಲ್ಲಿ ಸಬರ್ ಎಂಬ ಮಾತನ್ನು ಕೊಂಚ ನಿಂತು ನೋಡಬೇಕು. ಅದು ದೊಡ್ಡ ಮಾತು. ಕಷ್ಟದಲ್ಲಿ ಕೆಡದೆ ನಿಲ್ಲುವ ಬಲಕ್ಕೆ ನಮ್ಮ ಧರ್ಮ ಕೊಟ್ಟ ಹೆಸರು. ಖುರ್‌ಆನ್ ಸಹನಶೀಲರನ್ನು ಮೆಚ್ಚುವಾಗ ಗಂಡಸರನ್ನೂ ಹೆಂಗಸರನ್ನೂ ಜೋಡಿಯಾಗಿಯೇ ಹೆಸರಿಸುತ್ತದೆ. ಆದರೆ ನಮ್ಮ ಓಣಿಯಲ್ಲಿ ಅದು ಜೋಡಿಯಾಗಿ ಉಳಿಯಲಿಲ್ಲ. ಆಪಾಗೆ ಸಬರ್ ಹೇಳಲು ಬಂದ ಹಿರಿಯರು ಆಪಾಳ ಗಂಡನ ಮನೆಗೆ ಹೋಗಿ ಅದನ್ನೇ ಹೇಳಬಹುದಿತ್ತು. ಅನ್ನ ಮೆತ್ತಗಾದಾಗ, ಮಗು ಅತ್ತಾಗ, ಎದುರು ಮಾತು ಬಂದಾಗ ಸಬರ್ ಬೇಕಾಗಿದ್ದುದು ಕೈಯೆತ್ತಿದವನಿಗೆ. ಅವನ ಸಿಟ್ಟನ್ನು ಹುಟ್ಟುಗುಣವೆಂದೂ ಅವಳ ಸಹನೆಯನ್ನು ಕರ್ತವ್ಯವೆಂದೂ ನಾವು ಹಂಚಿಕೊಟ್ಟೆವು. ಒಂದು ಸದ್ಗುಣವನ್ನು ಇಬ್ಬರಲ್ಲಿ ಒಬ್ಬರಿಂದಷ್ಟೇ ಕೇಳತೊಡಗಿದರೆ ಅದು ಸದ್ಗುಣವಾಗಿ ಉಳಿಯುವುದಿಲ್ಲ, ಒಂದು ಬಗೆಯ ಕಂದಾಯವಾಗುತ್ತದೆ.

ಸೂರ ಅನ್ನಿಸಾದ 34ನೇ ವಚನವನ್ನು ಮುಂದಿಟ್ಟು ವಾದಿಸುವವರು ನಮ್ಮಲ್ಲಿದ್ದಾರೆ. ಆ ವಚನದ ಅರ್ಥದ ಬಗ್ಗೆ ಮೊದಲ ತಲೆಮಾರುಗಳಿಂದಲೂ ಚರ್ಚೆ ನಡೆದಿದೆ. ಮಕ್ಕಾದ ಹಿರಿಯ ವಿದ್ವಾಂಸ ಅತಾ ಇಬ್ನ್ ಅಬೀ ರಬಾಹ್ ಅವರು ಗಂಡ ಹೊಡೆಯಬಾರದು, ಸಿಟ್ಟು ತೋರಿಸುವುದಷ್ಟೇ ಸಾಕು ಎಂಬ ನಿಲುವು ತಳೆದಿದ್ದರು. ಪ್ರವಾದಿಯವರು ತಮ್ಮ ಪತ್ನಿಯರ ಮೇಲಾಗಲಿ ಸೇವಕರ ಮೇಲಾಗಲಿ ಎಂದೂ ಕೈ ಮಾಡಲಿಲ್ಲ ಎಂದು ಹಝ್ರತ್ ಆಯಿಷಾ ಅವರು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಗಡ್ಡದಿಂದ ಹಿಡಿದು ನೀರು ಕುಡಿಯುವ ರೀತಿಯವರೆಗೆ ಎಲ್ಲದರಲ್ಲೂ ಸುನ್ನತ್ ಹುಡುಕುವ ನಾವು ಈ ಸುನ್ನತ್ತಿನ ಮುಂದೆ ಬಂದಾಗ ಮಾತ್ರ ಬೇರೆ ದಾರಿ ಹಿಡಿಯುತ್ತೇವೆ. ಇದು ನಮ್ಮವರೊಬ್ಬರದೇ ರೋಗವಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆಯಲ್ಲಿ ತಾಳಬೇಕಾದವನು ಗಂಡಸೇ ಆಗಿದ್ದರೂ, ನಮ್ಮ ಓಣಿಯ ಯಾವ ಜಾತಿಯ ಮನೆಯಲ್ಲೂ ಅದನ್ನು ಗಂಡಸಿಗೆ ಹೇಳಿದ್ದನ್ನು ನಾವು ಕೇಳಲಿಲ್ಲ.

ಮನೆಯೊಳಗಿನ ಈ ಮಾತನ್ನು ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅಂಥವರು ಕನ್ನಡದಲ್ಲಿ ಬರೆದಾಗ ನಮ್ಮವರಿಂದಲೇ ಆಕ್ಷೇಪ ಎದುರಿಸಬೇಕಾಯಿತು. ಕಥೆ ಬರೆಯುವ ನಾವು ಆಗ ಅವರ ಪರವಾಗಿ ಮಾತಾಡಿದ್ದೇವೆ. ಆದರೆ ನಮ್ಮ ಹಿಂಗೋಡೆಯ ಮೇಲೆ ಒಂದು ಕಥೆಯನ್ನೂ ಬರೆಯಲಿಲ್ಲ.

ಅಮ್ಮಾ ಬದುಕಿದ್ದಾಗ ಒಮ್ಮೆ ಈ ವಿಷಯ ತೆಗೆದಿದ್ದೆವು. ಅವರು ಕೊಟ್ಟ ಉತ್ತರ ಒಂದೇ. ‘ಕಳಿಸದೆ ಏನು ಮಾಡಬೇಕಿತ್ತು? ಎಲ್ಲಿ ಇಟ್ಟುಕೊಳ್ಳಬೇಕಿತ್ತು?’ ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ನಮ್ಮ ಭಾಗದಲ್ಲಿ ದುಡಿಯದ ಹೆಂಗಸು ಕಡಿಮೆ. ರಾಣೇಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಕೂಡಿಸುವ ಕ್ರಾಸಿಂಗ್ ಕೆಲಸದಲ್ಲಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದಲ್ಲಿ ಅವರ ಕೈ ಇಲ್ಲದಿದ್ದರೆ ವ್ಯಾಪಾರವೇ ನಿಲ್ಲುತ್ತದೆ. ಘಾಟಿಗೆ ಕೆಮ್ಮುತ್ತ, ಉರಿಯುವ ಕೈಗಳಿಂದ ತಂದ ಕೂಲಿ ಮನೆಗೆ ಸೇರುತ್ತದೆ. ಆದರೆ ಆ ಮನೆ ಅವಳ ಹೆಸರಲ್ಲಿ ಇರುವುದಿಲ್ಲ. ಏಟು ಬಿದ್ದ ರಾತ್ರಿ ಅವಳಿಗೆ ಬೇಕಾಗುವುದು ಕೂಲಿಯ ದುಡ್ಡಿಗಿಂತ ಹೆಚ್ಚಾಗಿ ಒಂದು ಬಾಗಿಲು, ಹೊರಗೆ ಹೋಗು ಎಂದು ಯಾರೂ ಹೇಳಲಾಗದ ಒಂದು ಕೋಣೆ.

ಇದು ನಮ್ಮ ಊಹೆಯಷ್ಟೇ ಅಲ್ಲ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಅವರು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು ಐನೂರು ಹೆಂಗಸರನ್ನು ಕುರಿತು ಮಾಡಿದ ಅಧ್ಯಯನ 2005ರಲ್ಲಿ ಬಂತು. ಮನೆಯಾಗಲಿ ಭೂಮಿಯಾಗಲಿ ಇಲ್ಲದ ಹೆಂಗಸರಲ್ಲಿ ಶೇ. 49 ಮಂದಿ ಗಂಡನಿಂದ ಹೊಡೆತ ಕಂಡಿದ್ದರು. ಎರಡೂ ತಮ್ಮ ಹೆಸರಲ್ಲಿದ್ದವರಲ್ಲಿ ಅದು ಶೇ. 7 ಮಾತ್ರ. ಆಸ್ತಿಯೊಂದೇ ಎಲ್ಲವನ್ನೂ ಸರಿಮಾಡುತ್ತದೆ ಎನ್ನಲಾಗದು, ಡೆನ್ಮಾರ್ಕಿನ ಅಂಕಿಯನ್ನು ಮೇಲೆ ನೋಡಿದ್ದೇವೆ. ಆದರೂ ಇವಳಿಗೆ ಹೋಗಲು ಜಾಗವಿದೆ ಎಂಬ ಅರಿವು ಎತ್ತಿದ ಕೈಯನ್ನು ಅರ್ಧದಲ್ಲಿ ನಿಲ್ಲಿಸಬಲ್ಲದು ಎಂದು ನಂಬಲು ಇಷ್ಟು ಸಾಕು.

ಕಾನೂನಿಗೂ ಇದು ಗೊತ್ತಿದೆ. 2006ರ ಅಕ್ಟೋಬರಿನಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮನೆ ಯಾರ ಹೆಸರಲ್ಲೇ ಇರಲಿ, ಹೆಂಡತಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದಕ್ಕೆ ಸಂರಕ್ಷಣಾಧಿಕಾರಿ. 181 ಸಂಖ್ಯೆಯ ಸಹಾಯವಾಣಿಯೂ ಇದೆ. ಇವನ್ನು ಬಲ್ಲ ಹೆಂಗಸರು ಬಲ್ಲರು. ಆದರೆ ಆಪಾ ಬಂದದ್ದು 1999ರಲ್ಲಿ, ಅವಳಿಗೆ ಗೊತ್ತಿದ್ದುದು ತವರೊಂದೇ.

ಆ ತವರಿನಲ್ಲಿ ಕೋಣೆ ಇರಲಿಲ್ಲವೇ? ಇತ್ತು. ಇಲ್ಲಿಯೇ ನಾವು ತಲೆತಗ್ಗಿಸಬೇಕಾಗಿದೆ. ಅಬ್ಬಾ 2008ರಲ್ಲಿ ತೀರಿಕೊಂಡರು. ಮನೆ, ಮನೆಯ ಮುಂದಿನ ಖಾಲಿ ಜಾಗ ಇಷ್ಟು ಅವರು ಬಿಟ್ಟುಹೋದದ್ದು. ಮಗನ ಪಾಲಿನ ಅರ್ಧದಷ್ಟು ಮಗಳಿಗೆ ಸಲ್ಲಬೇಕೆಂದು ಖುರ್‌ಆನ್‌ನಲ್ಲೇ ನಿಗದಿಯಾಗಿದೆ. ಕೊಡುವುದು ಕೃಪೆಯಲ್ಲ, ಫರ್ಜ್. ನಾವು ಅಣ್ಣತಮ್ಮಂದಿರು ಮೂವರೂ ಕೂಡಿ ಆಪಾಳನ್ನು ಕರೆಸಿದೆವು, ಒಂದು ಸೀರೆ ಉಡುಗೊರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಅವಳು ಖುಷಿಯಿಂದಲೇ ಮಾಫ್ ಮಾಡಿದಳು ಎಂದು ಬಂಧುಗಳ ಮುಂದೆ ಹೇಳಿಕೊಂಡೆವು. ತವರಿನ ಬಾಗಿಲು ತೆರೆದಿರಲಿ ಎಂಬ ಆಸೆಗೆ ಅವಳು ತವರಿನ ಹಕ್ಕನ್ನೇ ಬಿಟ್ಟುಕೊಟ್ಟಿದ್ದಳು. ನಮ್ಮ ಹಿಂದೂ ಗೆಳೆಯರ ಮನೆಗಳಲ್ಲೂ ನಡೆಯುವುದು ಇದೇ. ಕರ್ನಾಟಕದಲ್ಲಿ 1994ರಲ್ಲೇ, ಇಡೀ ದೇಶದಲ್ಲಿ 2005ರಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕಾನೂನು ಬಂತು. ಕಾನೂನು ಬಂದ ಮೇಲೂ ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ.

ಈಗ ಯೋಚಿಸಿದರೆ ಅನ್ನಿಸುತ್ತದೆ, ಸಬರ್ ಮಾಡು ಎಂಬ ಉಪದೇಶ ನಮಗೆ ಬಹಳ ಅಗ್ಗಕ್ಕೆ ಸಿಕ್ಕಿತು. ಅವಳನ್ನು ಇಟ್ಟುಕೊಳ್ಳುವುದೆಂದರೆ ಒಂದು ಕೋಣೆ ಬಿಡಬೇಕಿತ್ತು. ಸಬರ್ ಎನ್ನಲು ಏನೂ ಬಿಡಬೇಕಾಗಿರಲಿಲ್ಲ. ಹೊಡೆದವನ ಕೈ ಅವನದೇ, ಅದರ ಪಾಪವೂ ಅವನದೇ. ಆದರೆ ಆ ಕೈಗೆ ಧೈರ್ಯ ಬಂದದ್ದು ಇವಳು ಎಲ್ಲಿಗೂ ಹೋಗಲಾರಳು ಎಂಬ ಭರವಸೆಯಿಂದ. ಆ ಭರವಸೆಯನ್ನು ಅವನಿಗೆ ಕೊಟ್ಟವರು, ಅವಳನ್ನು ಬಸ್ಸು ಹತ್ತಿಸಿದ ನಾವು.

ಅಂಕಿಗಳನ್ನು ಓದಿದ ಮೇಲೆ, ಕಿವಿಯ ಮಾತು ಕೇಳಿದ ಮೇಲೆ, ಆಪಾಗೆ ಹೇಳಿದೆವು, ನಿನ್ನ ಪಾಲನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇವೆ ಎಂದು. ಅವಳು ನಕ್ಕಳು.

‘ಈಗ ನನಗ್ಯಾಕಪಾ ಕೋಣಿ? ಅವಾಗ ಇದ್ದಿದ್ರ ಬೇಕಾಗಿತ್ತು.’ ಆಮೇಲೆ ತುಸು ತಡೆದು ಅಂದಳು. ‘ಹುಡುಗಿ ಹೆಸರಿಗೆ ಮಾಡೋದಾದ್ರ ಮಾಡ್ರಿ.’

ಹುಡುಗಿ ಎಂದರೆ 1999ರಲ್ಲಿ ಅವಳ ಸೊಂಟದಲ್ಲಿದ್ದ ಮಗು. ಈಗ ಅವಳಿಗೂ ಮದುವೆಯಾಗಿದೆ. ಅವಳ ಮನೆಯ ಗೋಡೆಯಾಚೆಗೆ ಏನು ಕೇಳಿಸುತ್ತದೆಯೋ ನಾವು ಅರಿಯೆವು, ಕೇಳಿಯೂ ಇಲ್ಲ. ಅಣ್ಣ ಒಪ್ಪಿದ್ದಾರೆ, ತಮ್ಮ ಇನ್ನೂ ಒಪ್ಪಿಲ್ಲ. ಖಾಲಿ ಜಾಗದಲ್ಲಿ ಅಂಗಡಿ ಕಟ್ಟುವ ಯೋಚನೆ ಅವನದು. ನಮ್ಮ ಪಾಲಿನಿಂದಾದರೂ ಮೊದಲು ಕೊಡಬಹುದಲ್ಲ ಎಂದರೆ, ಅದಕ್ಕೂ ನಾವು ಈ ತಿಂಗಳು ಮುಂದಿನ ತಿಂಗಳು ಎನ್ನುತ್ತಿದ್ದೇವೆ. ಈ ಲೇಖನ ಬರೆಯಲು ನಮಗೆ ಮೂರು ದಿನ ಹಿಡಿಯಿತು. ಆ ಪತ್ರ ಇನ್ನೂ ಬರೆಯಬೇಕಾಗಿದೆ.